ಡೀಸೆಲ್ ಕಂಪ್ರೆಶನ್ ಗೇಜ್ ಕಿಟ್: ಹಳೇ ಪಿಕಪ್‌ನ ಎಂಜಿನ್ ಇಳಿಸುವ ಮೊದಲು

ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದದ್ದೇ ತಡ, 61 ದಿನ ಮಳೆಯಲ್ಲಿ ನಿಂತ ಪಿಕಪ್‌ಗಳೆಲ್ಲ ಮಲ್ಪೆಯಲ್ಲಿ, ಮಂಗಳೂರು ದಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ಒಟ್ಟಿಗೆ ಸೆಲ್ಫ್ ಹೊಡೆಯುತ್ತವೆ. ಹತ್ತರಲ್ಲಿ ಒಂದೆರಡು ಬಿಳಿ ಹೊಗೆ ಉಗುಳಿ ನಿಲ್ಲುತ್ತವೆ. ಪಕ್ಕದಲ್ಲಿ ನಿಂತವರು ಯಾರಾದರೂ "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಅನ್ನುತ್ತಾರೆ. ರಿಂಗ್ ಅಂದರೆ ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ. ಆ ಮಾತು ನಿಜವೋ ಸುಳ್ಳೋ ಎಂದು ತಿಳಿಯಲು ಬೇಕಾದ ಸಾಧನ ಇದು: ಪಿಸ್ಟನ್ ಗಾಳಿಯನ್ನು ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡವನ್ನು (ಕಂಪ್ರೆಶನ್) ಅಳೆಯುತ್ತದೆ. ಆನ್‌ಲೈನ್‌ನಲ್ಲಿ ಮೂರು-ನಾಲ್ಕು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ, ಹೆಸರಿಲ್ಲದ ಪ್ಲಾಸ್ಟಿಕ್ ಪೆಟ್ಟಿಗೆಯ ಕಿಟ್.

ಒಳಗೆ 1000 ಪಿಎಸ್‌ಐ (70 ಬಾರ್) ವರೆಗಿನ ಗೇಜ್, ಹೋಸ್, ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಬಿಸಿಯಾಗುವ ಪ್ಲಗ್) ಜಾಗದ ಅಡಾಪ್ಟರ್‌ಗಳು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ ಜಾಗಕ್ಕೆ ಕೂರಿಸುವ ಡಮ್ಮಿಗಳು, ಕ್ಲ್ಯಾಂಪ್ ಇರುತ್ತವೆ. ಬೈಕ್-ಕಾರಿನ ಪೆಟ್ರೋಲ್ ಗೇಜ್ ಇದಕ್ಕೆ ಆಗದು. ಅದು 300 ಪಿಎಸ್‌ಐಗೆ ಮುಗಿಯುತ್ತದೆ, ಆರೋಗ್ಯವಂತ ಡೀಸೆಲ್ ಎಂಜಿನ್ 350ರಿಂದ 450 ತೋರಿಸುತ್ತದೆ. ಹಳೇ ಡಿಐ (ಡೀಸೆಲ್ ನೇರ ಸಿಲಿಂಡರಿಗೇ ಸಿಂಪಡಿಸುವ) ಎಂಜಿನ್‌ಗಳಲ್ಲಿ ಗ್ಲೋ ಪ್ಲಗ್ ಇಲ್ಲದಿದ್ದರೆ ಇಂಜೆಕ್ಟರ್ ಬಿಚ್ಚಿಯೇ ಅಳೆಯಬೇಕು. ಹಾಗಾಗಿ ಕಿಟ್‌ನಲ್ಲಿ ಅಡಾಪ್ಟರ್ ಎಷ್ಟಿವೆ ಎಂದು ಎಣಿಸಿ ಪ್ರಯೋಜನವಿಲ್ಲ. ನಿಮ್ಮ ಇಂಜೆಕ್ಟರಿನ ಉದ್ದ, ದಪ್ಪಕ್ಕೆ ಕೂರುವ ಡಮ್ಮಿ ಒಂದು ಇದ್ದರೆ ಸಾಕು. ಇಲ್ಲದಿದ್ದರೆ ಕೆಟ್ಟ ಹಳೇ ಇಂಜೆಕ್ಟರ್ ಒಂದನ್ನು ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆಯ ಯಾವುದಾದರೂ ಲೇತ್‌ಗೆ ಕೊಟ್ಟು ಅದೇ ಅಳತೆಗೆ ತಿರುಗಿಸಿಕೊಳ್ಳಬಹುದು.

ಕಿಟ್‌ನ ನಿಜವಾದ ದೋಷ ಗೇಜಿನಲ್ಲಿಲ್ಲ, ಒಳಗಿನ ಪುಟ್ಟ ವಾಲ್ವ್‌ನಲ್ಲಿದೆ. ಒತ್ತಡವನ್ನು ಹಿಡಿದಿಡುವ ಈ ವಾಲ್ವ್ ಸಿಲಿಂಡರಿಗೆ ಆದಷ್ಟು ಹತ್ತಿರ, ಅಂದರೆ ಅಡಾಪ್ಟರಿನ ಕೆಳತುದಿಯಲ್ಲಿ ಇರಬೇಕು. ಅಗ್ಗದ ಕೆಲವು ಕಿಟ್‌ಗಳಲ್ಲಿ ಹೋಸಿನ ಮೇಲ್ತುದಿಯಲ್ಲಿ, ಗೇಜಿನ ಪಕ್ಕ ಇರುತ್ತದೆ. ಲೆಕ್ಕ ಹಾಕಿ ನೋಡಿ: ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಒಂದು ಸಿಲಿಂಡರಿಗೆ ಸುಮಾರು 630 ಸಿಸಿ. ಕಂಪ್ರೆಶನ್ ರೇಶಿಯೊ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 18:1 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೇ 37 ಸಿಸಿ. ಹೋಸಿನೊಳಗಿನ 3 ಸಿಸಿ ಅದಕ್ಕೆ ಸೇರಿದರೂ ರೇಶಿಯೊ 17ಕ್ಕಿಂತ ಕೆಳಗೆ ಬೀಳುತ್ತದೆ. ಎಂಜಿನ್ ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳುವುದು ಗೇಜ್. ಆ ವಾಲ್ವ್ ಕೋರ್ (ಬಿಚ್ಚಿ ತೆಗೆಯಬಹುದಾದ ಒಳಭಾಗ) ಕಳೆದುಹೋಯಿತೆಂದು ಪಂಕ್ಚರ್ ಅಂಗಡಿಯಿಂದ ಟಯರಿನ ಕೋರ್ ತಂದು ಹಾಕುವವರೂ ಇದ್ದಾರೆ. ನೋಡಲಿಕ್ಕೆ ಅದೇ, ಆದರೆ ಸ್ಪ್ರಿಂಗ್ ಗಟ್ಟಿ, ರಬ್ಬರ್ ಬಿಸಿ ತಡೆಯದು. ರೀಡಿಂಗ್ ಕಡಿಮೆ ಬರುತ್ತದೆ.

ಗೇಜ್ ಹಚ್ಚುವ ಮೊದಲು ನೋಡಬೇಕಾದದ್ದು ಬೇರೆಯೇ ಉಂಟು. ಮೀನಿನ ಪೆಟ್ಟಿಗೆಯ ಉಪ್ಪುನೀರು ಬಿದ್ದು ಅರ್ತ್ ಕೇಬಲ್ ಹಸಿರು ಹಿಡಿದಿದ್ದರೆ ಸೆಲ್ಫ್ ನಿಧಾನ ತಿರುಗುತ್ತದೆ, ಗಾಳಿ ಬಿಸಿಯಾಗುವುದಿಲ್ಲ, ಡೀಸೆಲ್ ಉರಿಯುವುದಿಲ್ಲ, ಅದಕ್ಕೇ ಬಿಳಿ ಹೊಗೆ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ದಾಟಿದರೆ ಕೇಬಲ್ ಬದಲಿಸಿ, ಆಮೇಲೆ ಮಾತಾಡೋಣ. ವಾಟರ್ ಸೆಪರೇಟರ್‌ನಿಂದ ನೀರು ಬಸಿಯಿರಿ. ಎರಡು ತಿಂಗಳು ಅರ್ಧ ಖಾಲಿ ಟ್ಯಾಂಕ್ ಮಳೆಯಲ್ಲಿ ನಿಂತರೆ ನೀರು ಸೇರಿಯೇ ಸೇರುತ್ತದೆ. ಡೀಸೆಲ್ ಲೈನ್ ಏರ್ ಹಿಡಿದಿದೆಯೇ ಎಂದು ತಿಳಿಯಲು ಒಂದಡಿ ಪಾರದರ್ಶಕ ಹೋಸ್ ಸಿಕ್ಕಿಸಿ ಗುಳ್ಳೆ ನೋಡಿದರೆ ಸಾಕು. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಬಿಗಿಯಾಗಿದ್ದರೂ ಎಂಜಿನ್ನಿನ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಇಳಿಯುತ್ತದೆ, ಅದನ್ನೂ ಸರಿಮಾಡಿಕೊಂಡೇ ಅಳೆಯಬೇಕು. ಇಷ್ಟರಲ್ಲೇ ಅರ್ಧ ಗಾಡಿಗಳು ಸ್ಟಾರ್ಟ್ ಆಗಿ ಹೋಗಿರುತ್ತವೆ, ಕಿಟ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ!

ಆಗದಿದ್ದರೆ ಅಳತೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಸಾಧ್ಯವಾದರೆ ಎಂಜಿನ್ ಬಿಸಿ ಇರಲಿ. ಏರ್ ಫಿಲ್ಟರ್ ತೆಗೆಯಿರಿ. ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್‌ನ ವೈರ್ ಬಿಡಿಸಿ, ಇಲ್ಲವೇ ಸ್ಟಾಪ್ ಲಿವರ್ ಎಳೆದು ಕಟ್ಟಿ. ಇಲ್ಲವಾದರೆ ಬಿಚ್ಚಿದ ಪೈಪುಗಳಿಂದ ಡೀಸೆಲ್ ಮುಖಕ್ಕೇ ಹಾರುತ್ತದೆ. ನಾಲ್ಕೂ ಇಂಜೆಕ್ಟರ್ ಬಿಚ್ಚಿ. ಕರಾವಳಿಯ ಗಾಡಿಗಳಲ್ಲಿ ಅವು ತುಕ್ಕಿಗೆ ಅಂಟಿಕೊಂಡಿರುತ್ತವೆ. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು ಬೆಳಿಗ್ಗೆ ಅತ್ತಿತ್ತ ತಿರುಗಿಸಿ ಎಬ್ಬಿಸಿ, ಮೀಟಬೇಡಿ. ಪ್ರತಿ ಸಿಲಿಂಡರಿಗೂ ಐದಾರು ಕಂಪ್ರೆಶನ್ ಆಗುವಷ್ಟು ಸೆಲ್ಫ್ ಹೊಡೆದು, ಮೊದಲ ಹೊಡೆತದ ಅಂಕಿ ಮತ್ತು ಕೊನೆಯ ಅಂಕಿ ಎರಡನ್ನೂ ಬರೆದಿಡಿ.

ಇಲ್ಲಿ ಒಂದೇ ಅಂಕಿ ಹಿಡಿದು ಹೆದರುವುದು ಬೇಡ. ನಾಲ್ಕೂ 340 ಇದ್ದರೆ ಗಾಡಿ ಇನ್ನೂ ಓಡುತ್ತದೆ. ಮೂರು 400, ಒಂದು 290 ಇದ್ದರೆ ಅದೇ ರೋಗ. ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಸಹಜ. ಮೊದಲ ಹೊಡೆತಕ್ಕೆ ಕಡಿಮೆ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿದರೆ ರಿಂಗ್ ಮೇಲೆ ಸಂಶಯ. ಕೆಳಗೇ ಇದ್ದು ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ. ನಾಲ್ಕೂ ಒಂದೇ ಸಮ 250ಕ್ಕೆ ಇಳಿದಿದ್ದರೆ ಎಂಜಿನ್ ಬೈಯುವ ಮೊದಲು ಬ್ಯಾಟರಿಯನ್ನೂ ಕಿಟ್‌ನ ಓ-ರಿಂಗನ್ನೂ ನೋಡಿ ಮಾರಾಯ್ರೆ.

ಕಿಟ್ ಜೊತೆ ಬರುವ ಕಾಗದದಲ್ಲಿ ಸಿಲಿಂಡರಿಗೆ ಎಣ್ಣೆ ಹಾಕಿ ಮತ್ತೆ ಅಳೆಯಿರಿ, ಅಂಕಿ ಏರಿದರೆ ರಿಂಗ್ ಹೋಗಿದೆ ಎಂದಿರುತ್ತದೆ. ಅದು ಪೆಟ್ರೋಲ್ ಎಂಜಿನ್ನಿನ ಪಾಠ. ಡಿಐ ಪಿಸ್ಟನ್ನಿನ ತಲೆಯಲ್ಲಿ ಬಟ್ಟಲಿರುತ್ತದೆ, ಎಣ್ಣೆ ಅಲ್ಲೇ ನಿಲ್ಲುತ್ತದೆ, ರಿಂಗಿಗೆ ಇಳಿಯದು. 37 ಸಿಸಿ ಜಾಗದಲ್ಲಿ 5 ಸಿಸಿ ಎಣ್ಣೆ ಕೂತರೆ ರೇಶಿಯೊ 20 ದಾಟಿ, ವಾಲ್ವ್ ಸುಟ್ಟ ಸಿಲಿಂಡರಿನಲ್ಲೂ ಅಂಕಿ ಏರಬಹುದು. ಹೆಚ್ಚು ಸುರಿದರೆ, ಎಣ್ಣೆ ಗಾಳಿಯಂತೆ ಕುಗ್ಗದ ಕಾರಣ, ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಅದರ ಬದಲು ಗಾಳಿ ಹೊಡೆದು ನೋಡುವುದು ಒಳ್ಳೆಯದು: ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲಿರುವಾಗ ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿಟ್ಟು, ಅಡಾಪ್ಟರಿನ ಕೋರ್ ತೆಗೆದು (ಇಲ್ಲದಿದ್ದರೆ ಗಾಳಿ ಒಳಗೆ ಹೋಗುವುದೇ ಇಲ್ಲ) ಕಂಪ್ರೆಸರ್ ಜೋಡಿಸಿ. ಫ್ಯಾನಿನ ಹತ್ತಿರ ಕೈ ಬೇಡ. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಸದ್ದು ಬಂದರೆ ರಿಂಗ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಬಂದರೆ ಇನ್ಲೆಟ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ ಬಿರುಕು. ವಾಲ್ವ್, ಗ್ಯಾಸ್ಕೆಟ್ ಆದರೆ ಹೆಡ್ ಮಾತ್ರ ಬಿಚ್ಚಿದರಾಯಿತು, ಎಂಜಿನ್ ಇಳಿಸುವ ಕೂಲಿ ಉಳಿಯಿತು.

ಇಂಜೆಕ್ಟರ್ ವಾಪಸ್ ಜೋಡಿಸುವಾಗ ಅವುಗಳ ಕೆಳಗಿಡಲು ನಾಲ್ಕು ಹೊಸ ತಾಮ್ರದ ವಾಷರ್ ಬೇಕು, ಕಿಟ್‌ನಲ್ಲಿ ಅವು ಬರುವುದಿಲ್ಲ. ಹಳೇ ವಾಷರ್ ತೂತಿನ ತಳದಲ್ಲೇ ಅಂಟಿ ಉಳಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಅದರ ಮೇಲೆ ಇನ್ನೊಂದು ಕೂತರೆ ಇಂಜೆಕ್ಟರಿನ ತುದಿ (ನಾಜಲ್) ಇರಬೇಕಾದುದಕ್ಕಿಂತ ಎತ್ತರದಲ್ಲಿ ಉಳಿದು, ಇಲ್ಲದ ಹೊಗೆ ಹೊಸದಾಗಿ ಶುರುವಾಗುತ್ತದೆ.

ಒಂದೇ ಗಾಡಿ ಇರುವವರು ಇದನ್ನು ಕೊಳ್ಳಬೇಕಾಗಿಲ್ಲ. ಸ್ಟ್ಯಾಂಡಿನ ನಾಲ್ಕೈದು ಜನ ಸೇರಿ ಒಂದು ಇಟ್ಟುಕೊಂಡರೆ ಸರಿ. ಕೊಳ್ಳುವಾಗ ಎರಡು ಸ್ಪೇರ್ ವಾಲ್ವ್ ಕೋರ್, ಓ-ರಿಂಗ್ ಇದ್ದದ್ದನ್ನೇ ಆರಿಸಿ. ಕೆಲಸ ಮುಗಿದ ಮೇಲೆ ಅಡಾಪ್ಟರ್‌ಗಳಿಗೆ ಆಯಿಲ್ ಸವರಿ ಇಡಿ, ಇಲ್ಲಿನ ಗಾಳಿಗೆ ಒಂದೇ ಮಳೆಗಾಲದಲ್ಲಿ ತಿರುಪಿನ ಎಳೆಗಳು ತುಕ್ಕು ಹಿಡಿಯುತ್ತವೆ.