ಒಂದು ಜೂಮ್, ಎರಡು ಪ್ರೈಮ್: ಸಣ್ಣ ಮದುವೆಗಳಿಗೆ ನಾನು ಉಳಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ: ನೋಟವನ್ನು ಹಿಗ್ಗಿಸಿ ಕುಗ್ಗಿಸಬಲ್ಲ 24-70 ಎಫ್ 2.8 ಜೂಮ್ ಲೆನ್ಸನ್ನು ನಾನು ಕಳೆದ ದೀಪಾವಳಿಯ ಹೊತ್ತಿಗೆ ಮಾರಿಬಿಟ್ಟೆ. 35 ಎಫ್ 2 ಮತ್ತು 85 ಎಫ್ 1.8 ಎಂಬ, ಜೂಮ್ ಆಗದ ಎರಡು ಪ್ರೈಮ್ ಲೆನ್ಸ್‌ಗಳು ನನ್ನ ಬಳಿ ಉಳಿದಿವೆ. (ಮೊದಲ ಅಂಕಿ ಮಿ.ಮೀ. ಲೆಕ್ಕದ ಫೋಕಲ್ ಉದ್ದ, ಅದು ಹೆಚ್ಚಿದಷ್ಟೂ ನೋಟ ಕಿರಿದಾಗಿ ವಸ್ತು ಹತ್ತಿರ ಕಾಣುತ್ತದೆ; ಎಫ್ ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ.) ಆದ್ದರಿಂದ ಇದನ್ನು ತಕ್ಕಡಿ ಹಿಡಿದು ಬರೆದ ಹೋಲಿಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡು, ಮುಂಬಯಿ ಮತ್ತು ಠಾಣೆಯ ಕನ್ನಡಿಗರ ಮನೆಗಳಲ್ಲಿ ನಡೆಯುವ ಎಂಬತ್ತು ನೂರು ಜನರ ಮದುವೆಗಳಿಗೂ ಅದಕ್ಕೆ ಮುಂಚಿನ ಜೋಡಿ ಭಾವಚಿತ್ರಗಳಿಗೂ ಕ್ಯಾಮೆರಾ ಹಿಡಿದು ಓಡಾಡುವ ನಾನು, ಈ ಎರಡು ವ್ಯವಸ್ಥೆಗಳನ್ನೂ ಒಂದೂವರೆ ವರ್ಷ ಒಟ್ಟೊಟ್ಟಿಗೆ ಬಳಸಿದ ಮೇಲೆಯೇ ಈ ತೀರ್ಮಾನಕ್ಕೆ ಬಂದೆ.

ಜೂಮ್ ಕೊಂಡದ್ದು ಹಿರಿಯ ಛಾಯಾಗ್ರಾಹಕರೊಬ್ಬರ ಮಾತು ಕೇಳಿ. ಮದುವೆಯಲ್ಲಿ ಲೆನ್ಸ್ ಬದಲಿಸುತ್ತ ನಿಂತರೆ ತಾಳಿ ಕಟ್ಟಿ ಮುಗಿದಿರುತ್ತದೆ ಎಂದು ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂಬಯಿಯ ಫೋರ್ಟ್ ಪ್ರದೇಶದ ಕ್ಯಾಮೆರಾ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಮಾಲು 72,000 ರೂಪಾಯಿಗೆ ಸಿಕ್ಕಿತು. ಮೊದಲ ನಾಲ್ಕೈದು ಕಾರ್ಯಕ್ರಮಗಳಲ್ಲಿ ಅದರ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ.

ದೂರು ಹುಟ್ಟಿದ್ದು ಜೂನ್‌ನಲ್ಲಿ, ಮಾಟುಂಗಾದ ಹವಾನಿಯಂತ್ರಿತ ಸಭಾಗೃಹವೊಂದರಲ್ಲಿ. ಬೆಳಿಗ್ಗೆ ಏಳರಿಂದ ಒಳಗಿನ ಕೋಣೆಯಲ್ಲಿ ಮದುಮಗಳ ಅಲಂಕಾರದ ಚಿತ್ರಗಳನ್ನು ತೆಗೆಯುತ್ತಿದ್ದೆ. ಒಂಬತ್ತರ ಹೊತ್ತಿಗೆ ದಿಬ್ಬಣ ಬಂತೆಂದು ಯಾರೋ ಕೂಗಿದರು. ಮಳೆ ಆಗಷ್ಟೇ ನಿಂತಿದ್ದ ಅಂಗಳಕ್ಕೆ ಓಡಿ, ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸರ ಪಕ್ಕದಿಂದ ವರನ ಮುಖಕ್ಕೆ ಕ್ಯಾಮೆರಾ ಎತ್ತಿದರೆ ಕಂಡದ್ದು ಬರೀ ಬಿಳುಪು, ಅದರ ನಡುವೆ ಹತ್ತಿಯ ಉಂಡೆಯಂತೆ ಆರತಿಯ ಎರಡು ದೀಪ. ಲೆನ್ಸಿನ ಮುಂದಿನ ಗಾಜಿನ ಮೇಲೆ ಇಬ್ಬನಿ ಕವಿದಿತ್ತು. ಒರೆಸಿದೆ, ಹತ್ತು ಸೆಕೆಂಡಿನಲ್ಲಿ ಮತ್ತೆ ಕವಿಯಿತು. ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸಿದಾಗ ಬೆವರಿನ ಗೀಟು ಬೇರೆ ಸೇರಿಕೊಂಡಿತು. ಗಾಜು ತಿಳಿಯಾಗುವಷ್ಟರಲ್ಲಿ ಹತ್ತು ಹನ್ನೆರಡು ನಿಮಿಷ ಕಳೆದು, ವರ ಒಳಗೆ ಹೋಗಿ ಪಾನಕ ಕುಡಿಯುತ್ತ ಕುಳಿತಿದ್ದ. ಆಲ್ಬಮ್ ಕೊಟ್ಟ ದಿನ ಮದುಮಗಳ ಸೋದರತ್ತೆ ಆ ಪುಟದ ಮೇಲೆ ಬೆರಳಿಟ್ಟು, "ಹೋಮ ಶುರುವಾಗುವ ಮೊದಲೇ ಇಷ್ಟು ಹೊಗೆ ಎಲ್ಲಿಂದ ಬಂತು ಮಾರಾಯ್ರೆ?" ಎಂದು ಕೇಳಿದರು. ನಾನು ತಲೆ ಕೆರೆದುಕೊಂಡೆ.

ಇದರ ಲೆಕ್ಕ ಸರಳವಾಗಿದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 80ರ ತೇವಾಂಶ ಇದ್ದರೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಗಾಳಿಯ ಆವಿ ನೀರಾಗಿ ಕೂರುತ್ತದೆ, ಮತ್ತು 22 ಡಿಗ್ರಿಯ ಕೋಣೆಯಲ್ಲಿ ಎರಡು ಗಂಟೆ ಇದ್ದ ಲೆನ್ಸ್ ಹೊರಗೆ ಬಂದಾಗ ಅದಕ್ಕಿಂತ ತಣ್ಣಗೇ ಇರುತ್ತದೆ. ಲೆನ್ಸ್ ದೊಡ್ಡದಾದಷ್ಟೂ ಅದು ಬೆಚ್ಚಗಾಗಲು ಹೆಚ್ಚು ಹೊತ್ತು ಬೇಕು. ನನ್ನ ಜೂಮ್ 805 ಗ್ರಾಂ ತೂಗುತ್ತಿತ್ತು, ಅದರೊಳಗೆ 18 ಗಾಜಿನ ತುಂಡುಗಳಿದ್ದವು. 85ರಲ್ಲಿ ಇರುವುದು ಒಂಬತ್ತು, ತೂಕ 425 ಗ್ರಾಂ. ಇನ್ನೊಂದು ವಿಷಯವೆಂದರೆ, ಜೂಮ್ ತಿರುಗಿಸಿದಾಗ ಅದರ ಕೊಳವೆ ಹೊರಕ್ಕೆ ಚಾಚಿ ಒಳಕ್ಕೆ ಸರಿಯುವಾಗಲೆಲ್ಲ ತಿದಿಯಂತೆ ಗಾಳಿಯನ್ನು ಎಳೆದುಬಿಡುತ್ತದೆ. ಆ ಗಾಳಿಯ ತೇವ ಒಳಗೇ ಉಳಿದರೆ ಗಾಜಿಗೆ ಫಂಗಸ್ ಹಿಡಿಯುತ್ತದೆಂಬುದನ್ನು ಮುಂಬಯಿಯಲ್ಲಿ ಎರಡು ಮಳೆಗಾಲ ಕಳೆದ ಛಾಯಾಗ್ರಾಹಕರಿಗೆ ವಿವರಿಸಬೇಕಾಗಿಲ್ಲ.

ಪ್ರೈಮ್ ಲೆನ್ಸ್‌ಗಳಿಗೆ ಇಬ್ಬನಿ ಕಟ್ಟುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಅವುಗಳಿಗೂ ಕಟ್ಟುತ್ತದೆ. ಆದರೆ ಎರಡು ಲೆನ್ಸ್‌ಗಳನ್ನು ಎರಡು ಕ್ಯಾಮೆರಾ ಬಾಡಿಗಳಿಗೆ ಹಾಕಿಕೊಂಡರೆ ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಇಡಬಹುದು. ಈಗ 85 ನನ್ನ ಹೆಗಲಲ್ಲಿ ಮದುಮಗಳ ಕೋಣೆಯಲ್ಲಿರುತ್ತದೆ, 35 ಹಾಕಿದ ಹಳೆಯ ಬಾಡಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಊಟದ ಹಾಲ್‌ನ ಪಡಸಾಲೆಯಲ್ಲಿ, ಎಸಿ ತಲುಪದ ಕಡೆ, ನನ್ನ ಸಹಾಯಕನ ಬಳಿ ಇರುತ್ತದೆ. ದಿಬ್ಬಣ ಬಂದಾಗ ಅದನ್ನೇ ಎತ್ತಿಕೊಂಡು ಓಡುತ್ತೇನೆ. ಒಂದೇ ಲೆನ್ಸಿನಲ್ಲಿ ಎಲ್ಲವನ್ನೂ ತೆಗೆಯುತ್ತೇನೆಂದು ಹೊರಟವನಿಗೆ ಈ ಉಪಾಯ ಒದಗುವುದಿಲ್ಲ.

ಬೆಳಕಿನ ವಿಷಯದಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಎಫ್ 2.8ಕ್ಕಿಂತ ಎಫ್ 2 ಎರಡರಷ್ಟು ಬೆಳಕನ್ನು ಬಿಡುತ್ತದೆ, ಆದ್ದರಿಂದ ಜೂಮ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 6400 ಬೇಕಾದ ಮಂಟಪದಲ್ಲಿ 35ಕ್ಕೆ 3200 ಸಾಕು.

ಭಾವಚಿತ್ರಕ್ಕೆ ಬಂದರೆ ಅಂತರ ಇನ್ನೂ ಸ್ಪಷ್ಟ. 70ರಲ್ಲಿ ಎಫ್ 2.8 ಎಂದರೆ ಅಪರ್ಚರಿನ, ಅಂದರೆ ಬೆಳಕು ಒಳಬರುವ ಕಿಂಡಿಯ, ಅಗಲ 25 ಮಿ.ಮೀ.; 85ರಲ್ಲಿ ಎಫ್ 1.8 ಎಂದರೆ ಸುಮಾರು 47 ಮಿ.ಮೀ. ಈ ಕಿಂಡಿ ಅಗಲವಾದಷ್ಟೂ ಹಿನ್ನೆಲೆ ಮಸುಕಾಗುತ್ತದೆ. ಬಾಂದ್ರಾದ ಬ್ಯಾಂಡ್‌ಸ್ಟಾಂಡ್‌ನಲ್ಲಿ ಬೆಳಿಗ್ಗೆ ಆರೂವರೆಗೇ ನಡೆಯಲು ಬರುವವರ ಬಣ್ಣಬಣ್ಣದ ಬೂಟುಗಳು, ಚಾಪೆ ಹಾಸಿಕೊಂಡು ಯೋಗ ಮಾಡುವವರು, ಎಲ್ಲರೂ ಜೋಡಿಯ ಹಿಂದೆ ಬಂದೇ ಬರುತ್ತಾರೆ. 85 ಅವರನ್ನು ಬಣ್ಣದ ಕಲೆಗಳಾಗಿ ಕರಗಿಸಿಬಿಡುತ್ತದೆ, ಜೂಮ್‌ನಲ್ಲಿ ಅವರ ಬೂಟಿನ ಲೇಸೂ ಎಣಿಸಬಹುದೇನೋ ಎನ್ನುವಷ್ಟು ಉಳಿದಿರುತ್ತಾರೆ.

ಆದರೆ ಅದೇ 85 ಮನೆಯೊಳಗೆ ಬಂದರೆ ಪೇಚಾಟ. ನಿಂತ ಒಬ್ಬರನ್ನು ತಲೆಯಿಂದ ಪಾದದವರೆಗೆ ತೆಗೆಯಬೇಕಾದರೆ ಅದಕ್ಕೆ ಹತ್ತಿರಹತ್ತಿರ ಐದು ಮೀಟರ್ ದೂರ ಬೇಕು, 35ಕ್ಕೆ ಎರಡು ಮೀಟರ್ ಸಾಕು. ನಮ್ಮ ಡೊಂಬಿವಲಿಯ ಫ್ಲ್ಯಾಟುಗಳ ಹಾಲ್ ಹತ್ತಡಿ ಹನ್ನೆರಡಡಿ ಇದ್ದರೆ ಹೆಚ್ಚು. ಒಂದು ಸೀಮಂತದ ದಿನ ಗರ್ಭಿಣಿಯ ಪೂರ್ಣ ಚಿತ್ರಕ್ಕಾಗಿ ನಾನು ಹಿಂದೆ ಸರಿಯುತ್ತ ಸರಿಯುತ್ತ ಅಡುಗೆಮನೆಯ ಒಳಗೇ ಹೋಗಿ, ಕುಕ್ಕರಿನ ಪಕ್ಕ ನಿಂತು ಬಾಗಿಲ ಚೌಕಟ್ಟಿನ ಮೂಲಕ ಕ್ಲಿಕ್ಕಿಸಿದ್ದುಂಟು. 35ರಲ್ಲಿ ಹತ್ತಿರ ಹೋಗಿ ಮುಖವನ್ನೇ ತುಂಬಿಸಿದರೆ ಮೂಗು ದಪ್ಪವಾಗುತ್ತದೆ, ಮದುಮಗಳಿಗಿಂತ ಮೊದಲು ಆಕೆಯ ತಾಯಿಗೆ ಅದು ಗೊತ್ತಾಗುತ್ತದೆ. ಹಾಗಾಗಿ ಮನೆಗಳಲ್ಲಿ ಮುಖಕ್ಕೆ ಮತ್ತು ಎದೆಮಟ್ಟಕ್ಕೆ 85, ಉಳಿದೆಲ್ಲಕ್ಕೂ 35 ಎಂದು ಗೊತ್ತುಮಾಡಿಕೊಂಡಿದ್ದೇನೆ.

ಜೂಮ್ ಗೆಲ್ಲುವ ಜಾಗವೂ ಇದೆ, ಅದನ್ನು ಮುಚ್ಚಿಡಲಾರೆ. ಅಂತರಪಟ ಸರಿಯುವ ಕ್ಷಣದಲ್ಲಿ ಛಾಯಾಗ್ರಾಹಕನಿಗೆ ಸಿಗುವುದು ಒಂದೂವರೆ ಅಡಿ ಜಾಗ: ಬಲಕ್ಕೆ ಪುರೋಹಿತರು, ಎಡಕ್ಕೆ ಮೊಬೈಲ್ ಎತ್ತಿದ ಭಾವಂದಿರು, ಹಿಂದೆ ವಿಡಿಯೋದವರ ಮುಕ್ಕಾಲಿ. ಅಲ್ಲಿ ಕಾಲು ಕದಲಿಸದೆ 24ರಲ್ಲಿ ಇಡೀ ಮಂಟಪವನ್ನು, 70ರಲ್ಲಿ ಜೀರಿಗೆ ಬೆಲ್ಲ ಹಿಡಿದ ಕೈಯನ್ನು ತೆಗೆಯುವ ಸೌಕರ್ಯ ಎರಡು ಪ್ರೈಮ್‌ಗಳಲ್ಲಿ ಇಲ್ಲ. ನಾನೀಗ ಆ ಹೊತ್ತಿಗೆ ಒಂದು ಸ್ಟೂಲನ್ನು ಮೊದಲೇ ಹಾಕಿಸಿಕೊಂಡು, ಮಂಟಪದ ಇಡೀ ನೋಟವನ್ನು 35ರಲ್ಲಿ ಮೇಲಿನಿಂದ ತೆಗೆದು, ಕೂಡಲೇ 85ಕ್ಕೆ ಕೈ ಹಾಕುತ್ತೇನೆ. ಒಂದೆರಡು ಚಿತ್ರ ತಪ್ಪಿಹೋಗುತ್ತವೆ, ಅದು ನಾನು ಒಪ್ಪಿಕೊಂಡ ನಷ್ಟ.

ತೂಕದ ಮಾತಿನಲ್ಲೂ ಪ್ರೈಮ್‌ಗಳಿಗೆ ಗೆಲುವಿಲ್ಲ. ಎರಡೂ ಸೇರಿ 760 ಗ್ರಾಂ ಆದರೂ ಎರಡನೆಯ ಬಾಡಿಯ ಭಾರ ಕೂಡಿಕೊಳ್ಳುತ್ತದೆ, ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಎದೆಗೆ ಅವುಚಿಕೊಂಡ ಚೀಲ ಅದನ್ನು ನೆನಪಿಸುತ್ತಲೇ ಇರುತ್ತದೆ. ಮದುವೆಗಳು ಹೆಚ್ಚಾಗಿ ಭಾನುವಾರ ಬರುವುದರಿಂದಲೂ ನಾನು ಐದೂವರೆಯ ಗಾಡಿ ಹಿಡಿಯುವವನಾದ್ದರಿಂದಲೂ ಇದನ್ನು ಸಹಿಸಿಕೊಂಡಿದ್ದೇನೆ. ದಿನವೂ ಎಂಟರ ನೂಕುನುಗ್ಗಲಿನಲ್ಲಿ ಹೋಗಬೇಕಾದವರ ಲೆಕ್ಕ ಬೇರೆಯಾದೀತು.

ಹಣದ ಪ್ರಶ್ನೆಯಲ್ಲಿ ನನ್ನ ಅದೃಷ್ಟ ಚೆನ್ನಾಗಿತ್ತು. ಎರಡು ಪ್ರೈಮ್‌ಗಳೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸೇರಿ 43,000 ರೂಪಾಯಿಗೆ ಬಂದವು, ಎರಡನೆಯ ಬಾಡಿ ಮನೆಯ ಕಪಾಟಿನಲ್ಲೇ ಇತ್ತು. ಅದನ್ನೂ ಹೊಸದಾಗಿ ಕೊಳ್ಳಬೇಕಾದವರು ಜೂಮ್ ಮಾರುವ ಮುನ್ನ ಎರಡು ಸಲ ಯೋಚಿಸಬೇಕು. ಜೂಮ್ ಮಾರಿ ಬಂದ 61,000ದಲ್ಲಿ ತೇವ ತಡೆಯುವ ಡ್ರೈ ಕ್ಯಾಬಿನೆಟ್ ಒಂದನ್ನು ತಂದು ಶೇ. 45ಕ್ಕೆ ಇಟ್ಟಿದ್ದೇನೆ; ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಹುಗಿದಿಡುತ್ತಿದ್ದ ನನ್ನ ಹಳೆಯ ಪದ್ಧತಿಯನ್ನು ಹೆಂಡತಿ ಈಗಲೂ ಬಂದವರ ಮುಂದೆ ಹೇಳಿ ನಗುತ್ತಾಳೆ.

ಮುನ್ನೂರು ಜನರ ಮದುವೆ ಬಂದರೆ ಇಪ್ಪತ್ತೇಳು ಮಂದಿಯ ಕುಟುಂಬ ಚಿತ್ರಗಳ ಸಾಲೇ ಇರುತ್ತದೆ; ಅಂಥ ದಿನಕ್ಕೆ ಜೂಮನ್ನು ಬಾಡಿಗೆಗೆ ತರುತ್ತೇನೆ. ಕಳೆದ ವರ್ಷ ಹಾಗೆ ತಂದದ್ದು ಎರಡೇ ಸಲ. ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಚ್ಚಿ, ಲೆನ್ಸಿನ ಹಿಂಬದಿಯಿಂದ ಬೆಳಕು ಬಿಟ್ಟು, ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್ ಇದೆಯೇ ಎಂದು ನೋಡಿದ ನಂತರವೇ ಮುಂಗಡ ಕೊಡುತ್ತೇನೆ.