ವೀಟ್ ಮತ್ತು ವೀಟೆಸ್ಟ್: ವೇಗ ಸರಿ, ಬಿಟ್ಟ ಕೆಲಸ ಯಾರದು?

ವೀಟ್ ಎಂದರೆ ವೆಬ್ ಆ್ಯಪ್ ಬರೆಯುವಾಗ ಓಡಿಸಿ ನೋಡಲು, ಕೊನೆಗೆ ಬಿಲ್ಡ್ ಮಾಡಲು ಬಳಸುವ ಸಾಧನ. ವೀಟೆಸ್ಟ್ ಅದರ ಜೊತೆಗಾರ, ಟೆಸ್ಟ್ ಓಡಿಸುವ ಸಾಧನ. ವೀಟ್ ಹೆಸರನ್ನು ‘ವೈಟ್’ ಎಂದು ಓದುವವರಿದ್ದಾರೆ. ಫ್ರೆಂಚ್‌ನಲ್ಲಿ ‘ಬೇಗ’ ಎಂಬರ್ಥದ ಪದ, ಉಚ್ಚಾರ ‘ವೀಟ್’. ಹೆಸರಿಗೆ ಮೋಸವಿಲ್ಲ. ಡೆವ್ ಸರ್ವರ್ (ಕೋಡ್ ಬರೆಯುವಾಗ ನಮ್ಮ ಯಂತ್ರದಲ್ಲೇ ಓಡುವ ಸರ್ವರ್) ಶುರುವಾಗುವಾಗ ಇಡೀ ಪ್ರಾಜೆಕ್ಟನ್ನು ಬಂಡಲ್ ಮಾಡುತ್ತ, ಅಂದರೆ ಒಟ್ಟುಗೂಡಿಸುತ್ತ, ಕೂರುವುದಿಲ್ಲ. ಬ್ರೌಸರ್ ಕೇಳಿದ ಫೈಲನ್ನಷ್ಟೇ ಆಗಲೇ ಬದಲಾಯಿಸಿ ಕೊಡುತ್ತದೆ. ಈ ವೇಗದ ಒಂದು ಪಾಲು ಬಂದಿರುವುದು ಕೆಲವು ಕೆಲಸಗಳನ್ನು ಕೈಬಿಟ್ಟಿದ್ದರಿಂದ. ದಿನಗಳೆದಂತೆ ಕಾಡುವುದೂ ಅವೇ.

ಅವುಗಳಲ್ಲೊಂದು ಟೈಪ್ ತಪಾಸಣೆ, ಅಂದರೆ ಯಾವ ಬಗೆಯ ಡೇಟಾ ಎಲ್ಲಿ ಸಲ್ಲುತ್ತದೆ ಎಂಬ ಪರೀಕ್ಷೆ. ವೀಟ್ ಟೈಪ್‌ಸ್ಕ್ರಿಪ್ಟ್‌ನಿಂದ ಟೈಪ್‌ಗಳನ್ನು ಕಿತ್ತು ಜಾವಾಸ್ಕ್ರಿಪ್ಟ್ ಮಾಡುತ್ತದೆ, ತಪ್ಪಿದೆಯೇ ಎಂದು ನೋಡುವುದಿಲ್ಲ. ಸ್ಟ್ರಿಂಗ್ ಬೇಕಾದಲ್ಲಿ ನಂಬರ್ ಕೊಟ್ಟರೂ ಪುಟ ತೆರೆಯುತ್ತದೆ. ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ‘ನೋ ಎಮಿಟ್’ (ಫೈಲ್ ಬರೆಯದೆ ತಪಾಸಣೆ ಮಾತ್ರ) ಆಯ್ಕೆಯೊಂದಿಗೆ ಓಡಿಸುವ ಸ್ಕ್ರಿಪ್ಟೊಂದನ್ನು ಬೇರೆಯೇ ಇಟ್ಟುಕೊಳ್ಳಬೇಕು.

ಸೆಟಪ್‌ನಲ್ಲಿ ಹೇಳುವಂಥದ್ದು ಕಡಿಮೆ. ವೀಟ್ 7 ಆದರೆ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಕನಿಷ್ಠ 20.19, 22ರ ಸಾಲಿನಲ್ಲಾದರೆ ಕನಿಷ್ಠ 22.12 ಬೇಕು. ಲಾಕ್ ಫೈಲ್ (ಪ್ಯಾಕೇಜ್‌ಗಳ ನಿಖರ ಆವೃತ್ತಿಗಳ ಪಟ್ಟಿ) ಇರುವ ಪ್ರಾಜೆಕ್ಟ್‌ಗೆ ‘ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಕೊಟ್ಟರೆ ಎಲ್ಲರ ಯಂತ್ರದಲ್ಲೂ ಅವೇ ಆವೃತ್ತಿಗಳು ಇಳಿಯುತ್ತವೆ.

ಪೋರ್ಟ್ ವಿಷಯ ಮಾತ್ರ ಚಿಕ್ಕದಾಗಿ ಕಂಡು ದೊಡ್ಡ ತಲೆನೋವಾಗುತ್ತದೆ. ಡಿಫಾಲ್ಟ್ ಪೋರ್ಟ್ 5173 ಆಗಲೇ ಬಳಕೆಯಲ್ಲಿದ್ದರೆ ವೀಟ್ ನಿಲ್ಲದೆ ತಾನಾಗಿಯೇ 5174ಕ್ಕೆ ಹೋಗುತ್ತದೆ. ಬ್ರೌಸರಿಗೆ ಅದು ಬೇರೆಯೇ ಆರಿಜಿನ್, ಬೇರೆ ಸೈಟ್ ಇದ್ದಂತೆ: ಲೋಕಲ್ ಸ್ಟೋರೇಜ್ ಖಾಲಿ, ಅದರಲ್ಲಿಟ್ಟ ಲಾಗಿನ್ ಟೋಕನ್ ಮಾಯ, 5173ನ್ನಷ್ಟೇ ಒಪ್ಪುವ ಎಪಿಐಯಿಂದ ಕಾರ್ಸ್ ಎರರ್ (ಬೇರೆ ಆರಿಜಿನ್‌ನ ಕೋರಿಕೆಗೆ ಬ್ರೌಸರ್ ಹಾಕುವ ತಡೆ). ಹಳೆಯ ಟರ್ಮಿನಲ್ಲಿನಲ್ಲಿ ಸರ್ವರ್ ಇನ್ನೂ ಓಡುತ್ತಿರುವುದೇ ಇದರ ಮೂಲ ಎಂದು ಹೊಳೆಯುವಷ್ಟರಲ್ಲಿ ಬ್ಯಾಕೆಂಡ್‌ನವರ ಜೊತೆ ಜಗಳ ಮುಗಿದಿರುತ್ತದೆ. ಕಾನ್ಫಿಗ್‌ನಲ್ಲಿ ‘ಸ್ಟ್ರಿಕ್ಟ್ ಪೋರ್ಟ್’ ಹಾಕಿದರೆ ಪೋರ್ಟ್ ಸಿಗದಾಗ ಅಲ್ಲೇ ನಿಲ್ಲುತ್ತದೆ. ಇದೇ ಡಿಫಾಲ್ಟ್ ಆಗಿರಬೇಕಿತ್ತು.

ಸೆಟ್ಟಿಂಗ್‌ಗಳನ್ನಿಡುವ ಎನ್ವ್ ಫೈಲ್‌ನಲ್ಲಿ ಬರೆದದ್ದು ‘ಅನ್‌ಡಿಫೈನ್ಡ್’ ಎಂದು ಬಂದರೆ ಹೆಸರು ನೋಡಿ. ಇಂಗ್ಲಿಷ್ ದೊಡ್ಡಕ್ಷರದ ‘ವೀಟ್’ ಮತ್ತು ಅಂಡರ್‌ಸ್ಕೋರ್‌ನಿಂದ (VITE_) ಶುರುವಾಗುವ ಹೆಸರುಗಳು ಮಾತ್ರ ಬ್ರೌಸರ್ ಕೋಡಿಗೆ ಸಿಗುತ್ತವೆ. ಹಾಗೆ ಸಿಕ್ಕಿದ್ದು ಬಿಲ್ಡ್‌ನೊಳಗೂ (ಹೋಸ್ಟ್ ಮಾಡಲು ಸಿದ್ಧವಾದ ಫೈಲ್‌ಗಳೊಳಗೂ) ಅಚ್ಚಾಗುತ್ತದೆ, ಗುಟ್ಟಿನ ಕೀ ಅಲ್ಲಿಡಬೇಡಿ.

ವೀಟೆಸ್ಟ್ ಅದೇ ಕಾನ್ಫಿಗ್ ಓದುವುದರಿಂದ ಪಾತ್ ಏಲಿಯಾಸ್‌ಗಳನ್ನು (ಫೋಲ್ಡರ್ ದಾರಿಗಳ ಚಿಕ್ಕ ಹೆಸರುಗಳನ್ನು) ಎರಡು ಕಡೆ ಬರೆಯುವ ಕಾಟ ಇಲ್ಲ. ಆದರೆ ಅದರ ಡಿಫಾಲ್ಟ್ ಪರಿಸರ ನೋಡ್, ಹಾಗಾಗಿ ಮೊದಲ ಕಾಂಪೊನೆಂಟ್ ಟೆಸ್ಟೇ ‘ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್’ ಎಂದು ಬೀಳುತ್ತದೆ. ಬ್ರೌಸರ್ ಪುಟವನ್ನು ಅನುಕರಿಸುವ ಜೆಎಸ್‌ಡಾಮ್ ಹಾಕಿ ಕಾನ್ಫಿಗ್‌ನಲ್ಲಿ ಸೂಚಿಸಿ. ರಿಯಾಕ್ಟ್ ಟೆಸ್ಟಿಂಗ್ ಲೈಬ್ರರಿ ಬಳಸುವವರಿಗೆ ಇನ್ನೊಂದು ತೊಡಕು ಇದೆ: ‘ಗ್ಲೋಬಲ್ಸ್’ ಆನ್ ಮಾಡದಿದ್ದರೆ ಪ್ರತಿ ಟೆಸ್ಟಿನ ಬಳಿಕ ತಾನಾಗಿ ಕ್ಲೀನಪ್ ಆಗುವುದಿಲ್ಲ. ಹಿಂದಿನ ಟೆಸ್ಟಿನ ಬಟನ್ ಉಳಿದು, ಮುಂದಿನದರಲ್ಲಿ ‘ಒಂದಕ್ಕಿಂತ ಹೆಚ್ಚು ಸಿಕ್ಕಿತು’ ಎಂಬ ದೂರು ಬರುತ್ತದೆ. ಟೆಸ್ಟನ್ನು ಒಂಟಿಯಾಗಿ ಓಡಿಸಿದರೆ ಪಾಸ್! ಸೆಟಪ್ ಫೈಲ್‌ನ ‘ಆಫ್ಟರ್ ಈಚ್’ನಲ್ಲಿ ‘ಕ್ಲೀನಪ್’ ಕರೆದರೆ ಸಾಕು. ಇನ್ನು ಜೆಎಸ್‌ಡಾಮ್ ಲೇಔಟ್ ಲೆಕ್ಕ ಹಾಕುವುದಿಲ್ಲ. ಅಗಲ, ಎತ್ತರ ಕೇಳಿದರೆ ಸೊನ್ನೆ. ಅಂಥ ಟೆಸ್ಟ್‌ಗಳಿಗೆ ಪ್ಲೇರೈಟ್‌ನಂತೆ ನಿಜವಾದ ಬ್ರೌಸರ್ ಓಡಿಸುವ ಸಾಧನವೇ ಬೇಕು.

ಡೆವ್‌ನಲ್ಲಿ ಕಂಡದ್ದು ಬಿಲ್ಡ್‌ನಲ್ಲೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಸಬ್‌ಫೋಲ್ಡರ್‌ನಲ್ಲಿ ಹೋಸ್ಟ್ ಮಾಡುವಾಗ ‘ಬೇಸ್’ (ಆ ಫೋಲ್ಡರ್‌ನ ದಾರಿ ಹೇಳುವ ಕಾನ್ಫಿಗ್ ಆಯ್ಕೆ) ಮರೆತರೆ ಸ್ಕ್ರಿಪ್ಟ್‌ಗಳು 404, ಪುಟ ಖಾಲಿ. ಬಿಲ್ಡ್ ಆದ ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿದರೂ ಖಾಲಿಯೇ, ಏಕೆಂದರೆ ಫೈಲ್ ವಿಳಾಸದಿಂದ ಮಾಡ್ಯೂಲ್ ತರಲು ಬ್ರೌಸರ್ ಬಿಡದು. ‘ಪ್ರಿವ್ಯೂ’ ಕಮಾಂಡ್ ಕೊಟ್ಟು 4173ರಲ್ಲಿ ನೋಡಿ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಆ ಪೋರ್ಟ್‌ನದು.