ಎರಡು ವರ್ಷ ಆಡಿದ ಮೇಲೆ ನಮ್ಮನೆಯಲ್ಲಿ ಉಳಿದದ್ದು ಹುಲಿ-ಕುರಿ

ಮಗಳಿಗೆ ಅಂತ 1,400 ರೂಪಾಯಿ ಕೊಟ್ಟು ನಾಲ್ಕು ಆಟದ ಮರದ ಸೆಟ್ ತರಿಸಿದ್ದೆ. ಅಳಿಗುಳಿ ಮಣೆ, ಚೌಕಾಬಾರ, ನವಕಂಕರಿ, ಹುಲಿ-ಕುರಿ. ನನ್ನ ಸಂಬಳಕ್ಕೆ ಅದು ಸಣ್ಣ ದುಡ್ಡಲ್ಲ. ಅದಕ್ಕೇ ಮೊದಲ ದಿನವೇ ಸಿಟ್ಟು ಬಂತು.

ಕವಡೆ ಪ್ಲಾಸ್ಟಿಕ್ಕಿನವು! ಬೆನ್ನು ಹಗುರ, ಬಾಯಿ ಕಡೆ ಭಾರ. ಹಾಕಿದಾಗೆಲ್ಲ ನಾಲ್ಕೂ ಬೋರಲು ಬಿದ್ದು ಎಂಟು, ಮತ್ತೆ ಎಂಟು. ಹೀಗಾದರೆ ಚೌಕಾಬಾರದಲ್ಲಿ ಏನು ರುಚಿ ಉಳಿಯುತ್ತೆ? ಮಾರಿದವರಿಗೆ ಎರಡು ಸಲ ಬರೆದೆ. ಉತ್ತರವೇ ಇಲ್ಲ.

ಸರಿ ಮಾಡಿದ್ದು ಅಮ್ಮ. ನಾಲ್ಕು ಹುಣಸೆ ಬೀಜ ಆರಿಸಿ, ಹಿತ್ತಿಲ ಒಗೆಯೋ ಕಲ್ಲಿಗೆ ನೀರು ಚಿಮುಕಿಸಿ, ಒಂದೇ ಮಗ್ಗುಲು ತೇಯ್ದರು. ಕಂದು ಸಿಪ್ಪೆ ಹೋಗಿ ಬೆಳ್ಳಗಿನ ಬೇಳೆ ಕಂಡಿತು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಕೊಪ್ಪಳದ ಬೇಸಿಗೆ ಮಧ್ಯಾಹ್ನಗಳೆಲ್ಲ ಆ ಬೀಜದ ಸದ್ದಿನಲ್ಲೇ ಕಳೆದವು. ನನ್ನ ಸಿಟ್ಟೂ ಅಲ್ಲೇ ಇಳಿಯಿತು.

ಆದರೆ ಚೌಕಾಬಾರದಲ್ಲಿ ಬೀಜ ಬಿದ್ದಂತೆ ನಡೆಯಬೇಕು, ಅಲ್ವಾ? ಅಳಿಗುಳಿಯಲ್ಲಿ ಹದಿನಾಲ್ಕು ಗುಳಿಯ ಲೆಕ್ಕವನ್ನು ಅಮ್ಮ ಕಣ್ಣಲ್ಲೇ ಮುಗಿಸುತ್ತಾರೆ, ನಮಗೆ ಗೆಲುವೇ ಇಲ್ಲ. ನವಕಂಕರಿಯಲ್ಲಿ ಇಬ್ಬರೂ ಎಚ್ಚರವಾಗಿದ್ದರೆ ಆಟ ಮುಗಿಯೋದೇ ಇಲ್ಲ.

ಹುಲಿ-ಕುರಿ ಹಾಗಲ್ಲ. ಮೂರು ಹುಲಿ, ಹದಿನೈದು ಕುರಿ, ಎರಡು ಕಡೆಗೂ ಬೇರೆ ಬೇರೆ ಬುದ್ಧಿ. ಮಗಳು ಮೊದಲೆಲ್ಲ ಹುಲಿಯೇ ಬೇಕು ಅಂತ ಹಟ ಮಾಡುತ್ತಿದ್ದಳು. ಹುಲಿಗೆ ಕುರಿಯ ಮೇಲೆ ಹಾರಿ ಅದನ್ನು ತಿನ್ನೋ ಖುಷಿ ಇದೆ. ಕುರಿಗೆ ಇರೋದು ತಾಳ್ಮೆ ಮಾತ್ರ: ಬೆನ್ನ ಹಿಂದಿನ ಮನೆ ಖಾಲಿ ಬಿಡಬಾರದು, ಅಂಚಿನಿಂದ ಒಂದೊಂದೇ ಇಡುತ್ತಾ ಬರಬೇಕು, ಹದಿನೈದೂ ಇಡೋವರೆಗೆ ಯಾವುದನ್ನೂ ಸರಿಸೋ ಹಾಗಿಲ್ಲ. ಆನೆಗೊಂದಿ ನೋಡಿಕೊಂಡು ಹಂಪಿಗೆ ಹೋದಾಗ ಮಂಟಪದ ನೆಲಗಲ್ಲಿನಲ್ಲಿ ಕೊರೆದ ಆಟದ ಮನೆಗಳನ್ನು ಬೆರಳಲ್ಲಿ ಸವರುತ್ತಾ ತುಂಬ ಹೊತ್ತು ಕೂತಳು. ವಾಪಸ್ ಬಂದ ರಾತ್ರಿ ತಾನಾಗೇ ಕೇಳಿದಳು, "ಇವತ್ತು ನನಗೆ ಕುರಿ."

ಹೋದ ವಾರ ಎರಡೇ ಕುರಿ ಕಳಕೊಂಡು ನನ್ನ ಮೂರೂ ಹುಲಿಗಳನ್ನು ಕಟ್ಟಿಹಾಕಿದಳು. ಕುಣಿಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ನನಗೆ ಗಂಟಲು ಕಟ್ಟಿತು.

ಮಣೆಯ ಗೆರೆ ಮಾಸಿ ಹೋಗಿವೆ. ಈಗ ನೆಲದ ಮೇಲೇ ಸೀಮೆಸುಣ್ಣದಲ್ಲಿ ಬರೆದು ಆಡುತ್ತೇವೆ. 1,400 ಜಾಸ್ತಿ ಅಂತ ಇವತ್ತಿಗೂ ಅನ್ನಿಸುತ್ತೆ. ಒಂದು ಕುರಿ ಎಲ್ಲೋ ಕಳೆದುಹೋಗಿದೆ, ಅದರ ಜಾಗದಲ್ಲಿ ಅಮ್ಮ ಕೊಟ್ಟ ಹುಣಸೆ ಬೀಜ ಇದೆ.